ಹೆರಾಯಿನ್ ಬಿಡಿಸುವ ಚಿಕಿತ್ಸೆ: ಮೊದಲ ಹನ್ನೆರಡು ಗಂಟೆ, ಆಮೇಲಿನ ಎರಡು ವರ್ಷ

ಹೆರಾಯಿನ್‌ಗೆ ಒಗ್ಗಿಹೋದ ಮೈಗೆ ಎಂಟು ಹತ್ತು ಗಂಟೆ ಅದು ಸಿಗದಿದ್ದರೆ ಮೊದಲು ಬರುವುದು ಆಕಳಿಕೆ. ನಿದ್ದೆಯ ಆಕಳಿಕೆಯಲ್ಲ, ಒಂದರ ಬೆನ್ನಿಗೆ ಇನ್ನೊಂದು, ದವಡೆ ನೋಯುವಷ್ಟು. ಆಮೇಲೆ ಮೂಗು ಸೋರುತ್ತದೆ, ಕಣ್ಣಲ್ಲಿ ನೀರಿಳಿಯುತ್ತದೆ. ನೋಡಿದವರು ನೆಗಡಿ ಅಂದುಕೊಳ್ಳುತ್ತಾರೆ. ಇನ್ನಷ್ಟು ಹೊತ್ತು ಕಳೆದರೆ ಸೆಕೆಯಲ್ಲೂ ಚಳಿ, ಚಳಿಯಲ್ಲೂ ಬೆವರು, ತೋಳಿನ ರೋಮವೆಲ್ಲ ನೆಟ್ಟಗೆ. ಕಣ್ಣಿನ ಪಾಪೆ ಅಗಲವಾಗಿ ಬೆಳಕು ಚುಚ್ಚುತ್ತದೆ. ಸೊಂಟ, ಮಂಡಿಯ ಮೂಳೆಯೊಳಗಿಂದ ನೋವು. ಕಾಲನ್ನು ಒಂದು ಕಡೆ ಇಡಲಾಗದೆ ರಾತ್ರಿಯಿಡೀ ಒದ್ದಾಟ. ವಾಂತಿ, ಭೇದಿ. ಎರಡನೆಯ, ಮೂರನೆಯ ದಿನ ಇದು ತಾರಕಕ್ಕೇರಿ, ಐದರಿಂದ ಹತ್ತು ದಿನದೊಳಗೆ ಮೈಮಟ್ಟಿಗೆ ಇಳಿಯುತ್ತದೆ.

ಬಹಳಷ್ಟು ಮನೆಯವರು ಚಿಕಿತ್ಸೆಯೆಂದರೆ ಈ ಹತ್ತು ದಿನ ಎಂದೇ ತಿಳಿದಿರುತ್ತಾರೆ. ಒಡವೆ ಅಡವಿಟ್ಟು, ಸಾಲ ಮಾಡಿ, ಮಗನನ್ನು ಎಲ್ಲೋ ಸೇರಿಸಿ, ಹದಿನೈದನೆಯ ದಿನ ಕರೆದುಕೊಂಡು ಬಂದು "ಇನ್ನು ಸರಿಹೋದ" ಎಂದು ಉಸಿರು ಬಿಡುತ್ತಾರೆ. ನಿಜವಾದ ಅಪಾಯ ಶುರುವಾಗುವುದು ಅಲ್ಲಿಂದ. ಬಿಡುವಾಗಿನ ಸಂಕಟ ಘೋರವಾದರೂ, ನೀರಿನಂಶ ಇಳಿಯದಂತೆ ನೋಡಿಕೊಂಡರೆ ಅದರಿಂದಲೇ ಸಾಯುವುದು ಅಪರೂಪ. ಬಿಟ್ಟ ಕೆಲವು ವಾರಗಳಲ್ಲಿ "ಒಂದೇ ಒಂದು ಸಲ" ಎಂದು ಹಳೆಯ ಅಳತೆಯಲ್ಲೇ ತೆಗೆದುಕೊಂಡು ಸಾಯುವುದು ಅಪರೂಪವಲ್ಲ. ಹಾಗಾಗಿ ಈ ಲೇಖನದಲ್ಲಿ ಹತ್ತು ದಿನದ ಬಗ್ಗೆ ಎಷ್ಟು ಹೇಳಬೇಕೋ ಅಷ್ಟು ಹೇಳಿ, ಅದರ ನಂತರದ್ದಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ಇಲ್ಲಿ ಹೇಳುವುದೆಲ್ಲ ಬ್ರೌನ್ ಶುಗರ್, ಸ್ಮ್ಯಾಕ್ ಎಂದು ಬೀದಿಯಲ್ಲಿ ಸಿಗುವ ಹೆರಾಯಿನ್‌ಗೆ ಮಾತ್ರವಲ್ಲ, ಅದೇ ಜಾತಿಯ ನೋವಿನ ಮಾತ್ರೆಗಳಾದ ಟ್ರಮಡಾಲ್, ಟ್ಯಾಪೆಂಟಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್‌ಗಳ ವ್ಯಸನಕ್ಕೂ ಬಹುಮಟ್ಟಿಗೆ ಅನ್ವಯಿಸುತ್ತದೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ ದೆಹಲಿಯ ಏಮ್ಸ್ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಅಫೀಮಿಗಿಂತ ಹೆರಾಯಿನ್ ಬಳಸುವವರೇ ಹೆಚ್ಚು. ಈ ಜಾತಿಯ ಅಮಲಿನಿಂದಾಗಿ ಚಿಕಿತ್ಸೆಯ ನೆರವು ಬೇಕಾದವರು ಸುಮಾರು 77 ಲಕ್ಷ.

ಮೆದುಳಿನಲ್ಲಿ ಆಗುವುದೇನು

ಮೆದುಳಿನ ಜೀವಕೋಶಗಳ ಮೇಲೆ ನೋವು, ಸಮಾಧಾನ, ಉಸಿರಾಟಗಳ ಜೊತೆ ಸಂಬಂಧವಿರುವ ಸಣ್ಣ ಗ್ರಾಹಿಗಳಿವೆ. ವೈದ್ಯರು ಮ್ಯೂ ರಿಸೆಪ್ಟರ್ ಅನ್ನುತ್ತಾರೆ. ಅವನ್ನು ಬಸ್ಸಿನ ಸೀಟು ಅಂದುಕೊಳ್ಳಿ. ಹೆರಾಯಿನ್ ದೇಹದೊಳಗೆ ಮಾರ್ಫಿನ್ ಆಗಿ ಬದಲಾಗಿ ಆ ಸೀಟುಗಳಲ್ಲಿ ಮೈತುಂಬ ಕೂರುತ್ತದೆ. ದಿನಕ್ಕೆ ಮೂರು ನಾಲ್ಕು ಸಲ, ತಿಂಗಳುಗಟ್ಟಲೆ ಹೀಗೆ ಕೂತರೆ ಮೆದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ಮಂದಗೊಳಿಸುವ ವಸ್ತು ಸದಾ ಇರುತ್ತದಲ್ಲ ಎಂದು, ಎಚ್ಚರ ಹುಟ್ಟಿಸುವ ನಾರ್‌ಅಡ್ರಿನಲಿನ್ ವ್ಯವಸ್ಥೆಯನ್ನು ಜೋರು ಮಾಡಿಟ್ಟುಕೊಳ್ಳುತ್ತದೆ. ಒಮ್ಮೆಲೇ ಹೆರಾಯಿನ್ ಇಲ್ಲವಾದಾಗ ಆ ಜೋರು ಮಾತ್ರ ಉಳಿಯುತ್ತದೆ. ಮೇಲೆ ಹೇಳಿದ ಬೆವರು, ರೋಮಾಂಚ, ಎದೆಬಡಿತ, ಭೇದಿ ಎಲ್ಲ ಅದರ ಫಲ. ಆಮೇಲೆ ತಿಂಗಳುಗಟ್ಟಲೆ ಉಳಿಯುವ ನಿದ್ದೆಗೇಡು, ಯಾವುದರಲ್ಲೂ ರುಚಿಯಿಲ್ಲದ ಮನಸ್ಸು, ಇದ್ದಕ್ಕಿದ್ದಂತೆ ಏಳುವ ತುಡಿತ ಕೂಡ ಅದೇ ಹೊಂದಾಣಿಕೆಯ ಬಾಲ. "ಮನಸ್ಸು ಗಟ್ಟಿ ಮಾಡ್ಕೋ" ಎಂದರೆ ಈ ಬಾಲ ತುಂಡಾಗುವುದಿಲ್ಲ. ಅದು ಹಠದ ಕೊರತೆಯಲ್ಲ, ಮೆದುಳು ಹಳೆಯ ಸ್ಥಿತಿಗೆ ಮರಳಲು ತೆಗೆದುಕೊಳ್ಳುವ ಕಾಲ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಒಗ್ಗಿದ ಮೈ ದೊಡ್ಡ ಡೋಸನ್ನೂ ತಾಳುತ್ತದೆ. ಆದರೆ ಬಿಟ್ಟ ಒಂದೆರಡು ವಾರದಲ್ಲೇ ಆ ತಾಳಿಕೆ ಇಳಿದುಹೋಗುತ್ತದೆ. ತುಡಿತ ಮಾತ್ರ ಹಾಗೆಯೇ ಇರುತ್ತದೆ. ಜೈಲಿನಿಂದ ಬಂದ ವಾರ, ಡಿ-ಅಡಿಕ್ಷನ್ ಸೆಂಟರಿನಿಂದ ಬಂದ ವಾರ, ವ್ರತ ಹಿಡಿದು ಮಾಲೆ ಹಾಕಿ ನಲವತ್ತೆಂಟು ದಿನ ಶುದ್ಧವಾಗಿದ್ದು ಮಾಲೆ ತೆಗೆದ ವಾರ, ಇವೆಲ್ಲ ಒಂದೇ ಕಾರಣಕ್ಕೆ ಅಪಾಯದ ವಾರಗಳು. ವ್ರತದಿಂದ ಬರುವ ಬಲ ದೊಡ್ಡದೇ. ಆ ಬಲದ ಜೊತೆಗೆ ಔಷಧವೂ ಇರಲಿ ಎಂಬುದಷ್ಟೇ ಮಾತು.

ಎಲ್ಲಿಗೆ ಹೋಗುವುದು

ಎಲ್ಲಿಂದ ಶುರು ಮಾಡುವುದೆಂದೇ ತಿಳಿಯದಿದ್ದರೆ ಎರಡು ಉಚಿತ ಸಂಖ್ಯೆಗಳಿವೆ. 14446 ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. 14416 ಅಂದರೆ ಟೆಲಿ-ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಹೆಸರು ಹೇಳದೆಯೂ ವಿಚಾರಿಸಬಹುದು.

ನೇರವಾಗಿ ಹೋಗುವುದಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳ, ಜಿಲ್ಲಾಸ್ಪತ್ರೆಗಳ ಮನೋವೈದ್ಯ ವಿಭಾಗಕ್ಕೆ ಹೊರರೋಗಿಯಾಗಿ ಚೀಟಿ ಮಾಡಿಸಿದರೂ ಸಾಕು. ತಾಲ್ಲೂಕಿನಲ್ಲಿರುವವರು ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ಮಂಗಳವಾರದ ಕ್ಲಿನಿಕ್ ಬಗ್ಗೆ ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಬೇಕು. ಸೂಜಿಯಲ್ಲಿ ಚುಚ್ಚಿಕೊಳ್ಳುವವರಿಗೆ ನಾಕೊ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಓಎಸ್‌ಟಿ ಕೇಂದ್ರಗಳು ಹೆರಾಯಿನ್ ಜಾಗಕ್ಕೆ ಕೊಡುವ ಬದಲಿ ಔಷಧವನ್ನು ಉಚಿತವಾಗಿ ಕೊಡುತ್ತವೆ. ಇಂಥವು ಈಶಾನ್ಯ ರಾಜ್ಯಗಳಲ್ಲಿ, ಪಂಜಾಬಿನಲ್ಲಿ ಹೆಚ್ಚು. ಪಂಜಾಬ್ 2017ರಿಂದ ಅಡ್ಮಿಷನ್ ಇಲ್ಲದೆ ಹೊರರೋಗಿಯಾಗಿಯೇ ಈ ಚಿಕಿತ್ಸೆ ಪಡೆಯುವ ಕ್ಲಿನಿಕ್ಕುಗಳನ್ನು ನಡೆಸುತ್ತಿದೆ. ಅಡ್ಮಿಟ್ ಆಗದೆ ಹೆರಾಯಿನ್ ಬಿಡಿಸಲಾಗದು ಎಂಬ ನಂಬಿಕೆ ತಪ್ಪೆನ್ನುವುದಕ್ಕೆ ಇದು ಸಾಕ್ಷಿ. ಹೆಚ್ಚಿನವರಿಗೆ ಹೊರರೋಗಿ ಚಿಕಿತ್ಸೆಯೇ ಸಾಕು. ಗರ್ಭಿಣಿ, ಆತ್ಮಹತ್ಯೆಯ ಯೋಚನೆ ಇರುವವರು, ಜೊತೆಗೆ ಮದ್ಯಕ್ಕೋ ನಿದ್ದೆಮಾತ್ರೆಗೋ ಒಗ್ಗಿದವರು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದವರು ಮೊದಲ ಕೆಲವು ದಿನ ಆಸ್ಪತ್ರೆಯಲ್ಲಿರುವುದು ಒಳ್ಳೆಯದು.

ಪೊಲೀಸರ ಭಯದಿಂದ ಹಿಂಜರಿಯುವವರು ಬಹಳ. ಚಿಕಿತ್ಸೆಗೆ ಬಂದವರ ವಿವರವನ್ನು ಗೋಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳೂ ಆ ಕಾಯ್ದೆಯೊಳಗೇ ಬರುತ್ತವೆ. ಇನ್ನು ಮಾದಕ ವಸ್ತುಗಳ ಕುರಿತಾದ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ: ಸ್ವಂತ ಬಳಕೆಯ ಆರೋಪ ಅಥವಾ ಸಣ್ಣ ಪ್ರಮಾಣದ ಆರೋಪ ಎದುರಿಸುವ ವ್ಯಸನಿ, ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ತಾನಾಗಿಯೇ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಹೆರಾಯಿನ್‌ಗೆ ಆ ಸಣ್ಣ ಪ್ರಮಾಣ 5 ಗ್ರಾಂ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಆದ್ದರಿಂದ ಆಸ್ಪತ್ರೆಯ ಚೀಟಿ, ಹಾಜರಾತಿಯ ಕಾಗದಗಳನ್ನೆಲ್ಲ ಜೋಪಾನವಾಗಿಡಬೇಕು.

ಮೊದಲ ದಿನ ಕೇಳುವ ಪ್ರಶ್ನೆಗಳು

ವೈದ್ಯರಾಗಲಿ ನರ್ಸ್ ಆಗಲಿ ಕೇಳುವ ಮೊದಲ ಪ್ರಶ್ನೆ: ಕೊನೆಯದಾಗಿ ತೆಗೆದುಕೊಂಡದ್ದು ಎಷ್ಟು ಗಂಟೆಗೆ? ಬೈಯಲು ಕೇಳುವುದಲ್ಲ. ಮೊದಲ ಮಾತ್ರೆ ಯಾವಾಗ ಕೊಡಬೇಕೆಂಬುದು ಅದರ ಮೇಲೆಯೇ ನಿಂತಿದೆ. ನಾಚಿಕೆಯಿಂದ "ನಿನ್ನೆ ಬೆಳಿಗ್ಗೆ" ಎಂದು ಸುಳ್ಳು ಹೇಳಿದರೆ ಅನುಭವಿಸುವುದು ಹೇಳಿದವರೇ.

ಆಮೇಲೆ ಎಷ್ಟು, ದಿನಕ್ಕೆ ಎಷ್ಟು ಸಲ, ಫಾಯಿಲ್ ಮೇಲೆ ಕಾಯಿಸಿ ಹೊಗೆ ಎಳೆಯುವುದೋ ಚುಚ್ಚಿಕೊಳ್ಳುವುದೋ, ಹಿಂದೆ ಎಂದಾದರೂ ಪ್ರಜ್ಞೆ ತಪ್ಪಿತ್ತೋ ಎಂದು ಕೇಳುತ್ತಾರೆ. ಜೊತೆಗೆ ಅಲ್ಪ್ರಜೋಲಂ, ನೈಟ್ರಜೆಪಂ, ಡಯಜೆಪಂನಂಥ ಮಾತ್ರೆ ಅಥವಾ ಮದ್ಯ ಇದ್ದರೆ ಮರೆಯದೆ ಹೇಳಬೇಕು. ಈ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಮುಂದುವರಿಸಿದರೆ, ಹೆರಾಯಿನ್‌ಗೆ ಕೊಡುವ ಔಷಧದ ಜೊತೆ ಸೇರಿ ಉಸಿರಾಟವೇ ನಿಲ್ಲಬಹುದು. ಎರಡಕ್ಕೂ ದಾರಿ ಇದೆ, ವೈದ್ಯರಿಗೆ ಗೊತ್ತಿದ್ದರೆ.

ಮೂತ್ರ ಪರೀಕ್ಷೆಯಲ್ಲಿ ಹೆರಾಯಿನ್ ಸಾಮಾನ್ಯವಾಗಿ ಎರಡು ಮೂರು ದಿನ ಕಾಣಿಸುತ್ತದೆ. ಟ್ರಮಡಾಲ್, ಟ್ಯಾಪೆಂಟಡಾಲ್ ಸಾಮಾನ್ಯ ಪರೀಕ್ಷಾ ಪಟ್ಟಿಯಲ್ಲಿ (ಸ್ಟ್ರಿಪ್) ಕಾಣುವುದಿಲ್ಲ, ಚಿಕಿತ್ಸೆಗೆ ಕೊಡುವ ಬ್ಯುಪ್ರೆನಾರ್ಫಿನ್‌ಗೂ ಬೇರೆಯೇ ಪಟ್ಟಿ ಬೇಕು. ಗಸಗಸೆ ಪಾಯಸ ಉಂಡು ಬಂದರೂ ಕೆಲವೊಮ್ಮೆ ಪಾಸಿಟಿವ್ ಬರುತ್ತದೆ. ಹಾಗಾಗಿ ಈ ಪಟ್ಟಿಯನ್ನು ಹಿಡಿದು ಮನೆಯಲ್ಲಿ ಜಗಳ ಮಾಡುವ ಮುನ್ನ ಆಸ್ಪತ್ರೆಯವರನ್ನು ಕೇಳಬೇಕು. ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಲಿವರ್ ಪರೀಕ್ಷೆ ಮಾಡಿಸುತ್ತಾರೆ. ಹೆಪಟೈಟಿಸ್ ಸಿ ಈಗ ಹೆಚ್ಚಿನವರಲ್ಲಿ ಹನ್ನೆರಡು ವಾರದ ಮಾತ್ರೆಯಲ್ಲಿ ಪೂರ್ತಿ ಗುಣವಾಗುವ ಕಾಯಿಲೆ. 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತವಾಗಿಯೇ ಸಿಗುತ್ತದೆ. ಬಿ ಇಲ್ಲದಿದ್ದರೆ ಲಸಿಕೆ ಹಾಕಿಸಬಹುದು. ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು. ಮೆಥಡೋನ್ ಎಂಬ ಬದಲಿ ಔಷಧ ಪಡೆಯುವವರಲ್ಲಿ ಅದು ಔಷಧದ ಮಟ್ಟವನ್ನು ಇಳಿಸಿ ಮತ್ತೆ ಬಿಡುವಾಗಿನ ಸಂಕಟ, ಅಂದರೆ ವಿತ್‌ಡ್ರಾಯಲ್ ತರುತ್ತದೆ.

ಹನ್ನೆರಡು ಗಂಟೆಯ ಲೆಕ್ಕ

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಔಷಧ ಬ್ಯುಪ್ರೆನಾರ್ಫಿನ್. ಬಸ್ಸಿನ ಸೀಟಿಗೇ ಬರೋಣ. ಈ ಔಷಧಕ್ಕೆ ಎರಡು ಗುಣ. ಒಂದು, ಸೀಟಿನಲ್ಲಿ ಈಗಾಗಲೇ ಕೂತಿರುವ ಹೆರಾಯಿನ್ನನ್ನು ಎಬ್ಬಿಸಿ ತಾನು ಕೂರುವಷ್ಟು ಅದಕ್ಕೆ ಹಿಡಿತವಿದೆ. ಎರಡು, ಕೂತರೂ ಅರ್ಧ ಮಾತ್ರ ಕೂರುತ್ತದೆ. ಸಂಕಟ ತಡೆಯುವಷ್ಟು, ತುಡಿತ ಇಳಿಯುವಷ್ಟು ಕೆಲಸ ಮಾಡುತ್ತದೆ. ಆದರೆ ಡೋಸ್ ಏರಿಸುತ್ತ ಹೋದರೂ ಅಮಲಾಗಲಿ ಉಸಿರಾಟದ ಮೇಲಿನ ಒತ್ತಡವಾಗಲಿ ಒಂದು ಮಿತಿ ದಾಟಿ ಏರುವುದಿಲ್ಲ.

ಇದೇ ಗುಣದಿಂದ ಒಂದು ತೊಂದರೆಯೂ ಇದೆ. ಸೀಟುಗಳೆಲ್ಲ ಹೆರಾಯಿನ್‌ನಿಂದ ತುಂಬಿರುವಾಗಲೇ ಮಾತ್ರೆ ಕೊಟ್ಟರೆ, ಪೂರ್ತಿ ಕೂತಿದ್ದದ್ದು ಒಮ್ಮೆಲೇ ಎದ್ದು ಅರ್ಧ ಕೂರುವುದು ಬರುತ್ತದೆ. ಸಂಕಟ ಇಳಿಯುವ ಬದಲು ಅರ್ಧ ಮುಕ್ಕಾಲು ಗಂಟೆಯಲ್ಲೇ ಮೈಯೆಲ್ಲ ಕಿತ್ತುಬಂದಂತೆ ವಾಂತಿ, ಭೇದಿ, ನಡುಕ ಶುರುವಾಗುತ್ತದೆ. ಔಷಧದಿಂದಲೇ ಎಬ್ಬಿಸಿದ ವಿತ್‌ಡ್ರಾಯಲ್ ಇದು. ಒಮ್ಮೆ ಇದನ್ನು ಅನುಭವಿಸಿದವರು "ಆ ಮಾತ್ರೆ ನನಗೆ ಆಗಿಬರಲ್ಲ" ಎಂದು ಮತ್ತೆ ಆಸ್ಪತ್ರೆಯ ಕಡೆ ತಲೆಹಾಕುವುದಿಲ್ಲ. ಗೆಳೆಯನಿಂದ ಮಾತ್ರೆ ಇಸಕೊಂಡು ಮನೆಯಲ್ಲೇ ಶುರು ಮಾಡಿದವರಲ್ಲಿ ಇದು ತುಂಬ ಸಾಮಾನ್ಯ.

ಆದ್ದರಿಂದ ಹೆರಾಯಿನ್ ಆದರೆ ಕೊನೆಯ ಡೋಸಿನ ನಂತರ ಕನಿಷ್ಠ ಹನ್ನೆರಡು ಗಂಟೆ ಕಾಯಿಸುತ್ತಾರೆ, ಮೆಥಡೋನ್‌ನಂತೆ ನಿಧಾನಕ್ಕೆ ಹೋಗುವ ಔಷಧವಾದರೆ ಇನ್ನೂ ಹೆಚ್ಚು. ಗಡಿಯಾರಕ್ಕಿಂತ ಮೈಯ ಸಾಕ್ಷಿ ಮುಖ್ಯ. ಕೌಸ್ ಎಂಬ ಹನ್ನೊಂದು ಲಕ್ಷಣಗಳ ಅಳತೆಪಟ್ಟಿ ಇದೆ: ನಾಡಿಬಡಿತ, ಬೆವರು, ಚಡಪಡಿಕೆ, ಪಾಪೆಯ ಅಗಲ, ಮೂಳೆನೋವು, ಮೂಗು ಸೋರುವುದು, ಹೊಟ್ಟೆ, ಕೈನಡುಕ, ಆಕಳಿಕೆ, ಸಿಡಿಮಿಡಿ, ರೋಮಾಂಚ. ಒಂದೊಂದಕ್ಕೂ ಅಂಕ ಹಾಕಿ ಕೂಡಿಸುತ್ತಾರೆ. 5ರಿಂದ 12 ಸೌಮ್ಯ, 13ರಿಂದ 24 ಮಧ್ಯಮ. ಸೌಮ್ಯದ ಮೇಲಂಚಿಗೆ ಬಂದ ಮೇಲೆಯೇ ಸಾಮಾನ್ಯವಾಗಿ ಮೊದಲ ಮಾತ್ರೆ. ಆ ಹೊತ್ತಿನಲ್ಲಿ ರೋಗಿ ನರಳುತ್ತಿರುತ್ತಾನೆ, ಜೊತೆಗೆ ಬಂದ ತಾಯಿ "ಏನಾದರೂ ಕೊಡಿ ಸಿಸ್ಟರ್" ಎಂದು ಅಂಗಲಾಚುತ್ತಾಳೆ. ಕಾಯಿಸುವುದು ನಿರ್ಲಕ್ಷ್ಯವಲ್ಲ ಎಂದು ಮೊದಲೇ ತಿಳಿಸಿ ಹೇಳಿದ್ದರೆ ಆ ಕಾಯುವ ಹೊತ್ತು ಎಲ್ಲರಿಗೂ ಸ್ವಲ್ಪ ಹಗುರ.

ಮೊದಲು 2ರಿಂದ 4 ಮಿ.ಗ್ರಾಂ. ಒಂದೆರಡು ಗಂಟೆ ನೋಡಿ, ಸಂಕಟ ಉಳಿದಿದ್ದರೆ ಇನ್ನಷ್ಟು. ಮೊದಲ ದಿನ ಒಟ್ಟು 8 ಮಿ.ಗ್ರಾಂ. ಆಸುಪಾಸು. ಮುಂದಿನ ಎರಡು ಮೂರು ದಿನಗಳಲ್ಲಿ ಹೊಂದಿಸಿಕೊಂಡು ಹೆಚ್ಚಿನವರು ದಿನಕ್ಕೆ 8ರಿಂದ 16 ಮಿ.ಗ್ರಾಂ.ಗೆ ಬಂದು ನಿಲ್ಲುತ್ತಾರೆ. ಕೆಲವರಿಗೆ ಅದಕ್ಕಿಂತ ಹೆಚ್ಚೂ ಬೇಕಾಗುತ್ತದೆ.

ನಾಲಿಗೆಯ ಕೆಳಗಿನ ಮಾತ್ರೆ

ಇಷ್ಟು ಚಿಕ್ಕ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುವುದೆಂಬುದರಲ್ಲೇ ಅರ್ಧ ಚಿಕಿತ್ಸೆ ಕೆಡುತ್ತದೆ. ನುಂಗಿದರೆ ಲಿವರ್ ಅದರ ಬಹುಪಾಲನ್ನು ಹಾಳುಮಾಡುತ್ತದೆ, ಹೊಟ್ಟೆಗೆ ಹೋದದ್ದು ವ್ಯರ್ಥ. ನಾಲಿಗೆಯ ಕೆಳಗೆ ಇಡಬೇಕು. ಬಾಯಿ ಒಣಗಿದ್ದರೆ ಮೊದಲು ಒಂದು ಗುಟುಕು ನೀರು ಕುಡಿಯಬೇಕು. ಮಾತ್ರೆ ಪೂರ್ತಿ ಕರಗಲು ಐದರಿಂದ ಹತ್ತು ನಿಮಿಷ. ಅಲ್ಲಿಯವರೆಗೆ ಮಾತಾಡಬಾರದು, ಬೀಡಿ ಸೇದಬಾರದು, ಕಾಫಿ ಕುಡಿಯಬಾರದು, ಜೊಲ್ಲು ನುಂಗುವುದನ್ನು ಆದಷ್ಟು ತಡೆಯಬೇಕು. ಎರಡು ಮೂರು ಮಾತ್ರೆ ಇದ್ದರೆ ನಾಲಿಗೆಯ ಎಡಕ್ಕೆ, ಬಲಕ್ಕೆ ಹರಡಿ ಇಡಬಹುದು. ಕರಗಿದ ಮೇಲೆ ಬಾಯಿ ತುಂಬ ನೀರು ಹಾಕಿಕೊಂಡು ಹಲ್ಲು, ಒಸಡಿನ ಸುತ್ತ ಆಡಿಸಿ ನುಂಗಬೇಕು. ಹಲ್ಲುಜ್ಜಲು ಒಂದು ಗಂಟೆ ಬಿಡಬೇಕು. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹಲ್ಲು ಹುಳುಕಾಗುವುದನ್ನು ಕಂಡು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಎಚ್ಚರಿಕೆ ಕೊಟ್ಟಿತು.

ಮಾತ್ರೆಯ ಚೀಟಿಯಲ್ಲಿ 2 ಮತ್ತು 0.5 ಎಂದು ಎರಡು ಅಂಕಿ ಕಂಡರೆ, ಎರಡನೆಯದು ನಾಲಾಕ್ಸೋನ್, ಹೆರಾಯಿನ್ ಜಾತಿಯ ಅಮಲನ್ನು ತಡೆಯುವ ಔಷಧ. ನಾಲಿಗೆಯ ಕೆಳಗೆ ಇಟ್ಟಾಗ ಅದು ರಕ್ತಕ್ಕೆ ಸೇರುವುದು ತೀರ ಕಡಿಮೆ, ಏನೂ ಮಾಡುವುದಿಲ್ಲ. ಯಾರಾದರೂ ಮಾತ್ರೆಯನ್ನು ಅರೆದು ಚುಚ್ಚಿಕೊಂಡರೆ ಮಾತ್ರ ಅದು ಎದ್ದು ಅಮಲನ್ನು ತಡೆಯುತ್ತದೆ, ವಿತ್‌ಡ್ರಾಯಲ್ ತರುತ್ತದೆ. ದುರ್ಬಳಕೆ ತಡೆಯಲು ಸೇರಿಸಿದ್ದು.

ಮೊದಲ ವಾರಗಳಲ್ಲಿ ಮಲಬದ್ಧತೆ, ಬೆವರು, ತಲೆನೋವು ಸಾಮಾನ್ಯ. ನೀರು, ನಾರಿನ ಊಟದಿಂದ ಆಗದಿದ್ದರೆ ಮಲ ಸಡಿಲಿಸುವ ಔಷಧ ಕೇಳಬೇಕು. ಇಷ್ಟಕ್ಕೇ ಮಾತ್ರೆ ನಿಲ್ಲಿಸಿ ಹೆರಾಯಿನ್‌ಗೆ ಮರಳಿದವರಿದ್ದಾರೆ. ಇನ್ನು ಡೋಸ್ ಕಡಿಮೆಯಾದ ಗುರುತು ಹೀಗಿರುತ್ತದೆ: ಬೆಳಗಿನ ಮಾತ್ರೆ ಸಂಜೆಯವರೆಗೆ ಸಾಲದೆ ಆಕಳಿಕೆ, ಬೆವರು, ಫಾಯಿಲ್ಲಿನ ನೆನಪು. "ಕಡಿಮೆ ಡೋಸಿನಲ್ಲಿದ್ದರೆ ಒಳ್ಳೆಯ ರೋಗಿ" ಎಂಬ ಭಾವನೆ ರೋಗಿಗೂ ಮನೆಯವರಿಗೂ ಇರುತ್ತದೆ. ಅದು ತಪ್ಪು. ಕಡಿಮೆ ಡೋಸ್ ಚಿಕಿತ್ಸೆ ಬಿಟ್ಟುಹೋಗಲು ದೊಡ್ಡ ಕಾರಣ.

"ಒಂದು ಅಮಲಿಗೆ ಇನ್ನೊಂದು ಅಮಲಲ್ಲವೇ?"

ಪ್ರತಿ ಮನೆಯಲ್ಲೂ ಈ ಪ್ರಶ್ನೆ ಏಳುತ್ತದೆ, ಏಳಬೇಕಾದದ್ದೇ. ಮಾತ್ರೆಗೆ ದೇಹ ಒಗ್ಗುವುದು ನಿಜ. ಥಟ್ಟನೆ ನಿಲ್ಲಿಸಿದರೆ ಸಂಕಟವಾಗುವುದೂ ನಿಜ. ಆದರೆ ವ್ಯಸನವೆಂದರೆ ದೇಹ ಒಗ್ಗುವುದಷ್ಟೇ ಅಲ್ಲ. ನಾಲ್ಕು ಗಂಟೆಗೊಮ್ಮೆ ಪುಡಿ ಹುಡುಕುವುದು, ಸಾಲ, ಕಳವು, ಸೂಜಿ ಹಂಚಿಕೊಳ್ಳುವುದು, ಮಗುವಿನ ಶಾಲೆಯ ಫೀಸಿನ ದುಡ್ಡಿಗೆ ಕೈಹಾಕುವುದು, ಇದೆಲ್ಲ ವ್ಯಸನ. ಸರಿಯಾದ ಡೋಸಿನಲ್ಲಿ ಮಾತ್ರೆ ತೆಗೆದುಕೊಳ್ಳುವವನಿಗೆ ಏರಿಳಿತವಿಲ್ಲ. ಬೆಳಿಗ್ಗೆ ಒಮ್ಮೆ ತೆಗೆದುಕೊಂಡು ಕೆಲಸಕ್ಕೆ ಹೋಗುತ್ತಾನೆ, ಮಾತಾಡಿಸಿದರೆ ಮಾತಾಡುತ್ತಾನೆ. ಈ ಚಿಕಿತ್ಸೆಯಲ್ಲಿ ಇರುವವರ ಸಾವಿನ ಪ್ರಮಾಣ, ಬಿಟ್ಟುಹೋದವರದಕ್ಕೆ ಹೋಲಿಸಿದರೆ ಅರ್ಧಕ್ಕಿಂತಲೂ ಕೆಳಗಿರುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ವಿಶ್ವ ಆರೋಗ್ಯ ಸಂಸ್ಥೆ ಬ್ಯುಪ್ರೆನಾರ್ಫಿನ್ ಮತ್ತು ಮೆಥಡೋನ್ ಎರಡನ್ನೂ 2005ರಲ್ಲೇ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಸಕ್ಕರೆ ಕಾಯಿಲೆಗೆ, ಬಿಪಿಗೆ ವರ್ಷಗಟ್ಟಲೆ ಮಾತ್ರೆ ನುಂಗುವ ಮನೆ ಇದಕ್ಕೂ ಅಷ್ಟೇ ಸಮಾಧಾನ ತೋರಬೇಕೆಂಬುದು ನಮ್ಮ ಕಳಕಳಿಯ ಮಾತು.

ಎಷ್ಟು ದಿನ? ಕನಿಷ್ಠ ಒಂದು ವರ್ಷ, ಹಲವರಿಗೆ ಎರಡು ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ಕೆಲಸ, ನಿದ್ದೆ, ಮನೆ, ಗೆಳೆಯರ ಬಳಗ ಒಂದು ಹದಕ್ಕೆ ಬಂದ ಮೇಲೆ ವೈದ್ಯರ ಜೊತೆ ಕೂತು ಇಳಿಸಲು ಯೋಚಿಸಬಹುದು. ಒಮ್ಮೆಗೆ 2 ಮಿ.ಗ್ರಾಂ. ಅಥವಾ ಅದಕ್ಕೂ ಕಡಿಮೆ, ಕೆಲವು ವಾರಗಳ ಅಂತರದಲ್ಲಿ. ಕೊನೆಯ 2 ಮಿ.ಗ್ರಾಂ. ಇಳಿಸುವುದು ಎಲ್ಲಕ್ಕಿಂತ ಕಷ್ಟ. 0.4 ಮಿ.ಗ್ರಾಂ. ಮಾತ್ರೆ ಇರುವುದರಿಂದ ಅಲ್ಲಿ ಸಣ್ಣ ಸಣ್ಣ ಮೆಟ್ಟಿಲು ಮಾಡಿಕೊಳ್ಳಬಹುದು. ಮಧ್ಯೆ ತುಡಿತ ಎದ್ದರೆ ಒಂದು ಮೆಟ್ಟಿಲು ಹತ್ತಿ ನಿಂತರೆ ಸೋಲಲ್ಲ.

ಮೆಥಡೋನ್, ನಾಲ್ಟ್ರೆಕ್ಸೋನ್

ಮೆಥಡೋನ್ ದ್ರವರೂಪದ ಔಷಧ; ದಿನಕ್ಕೊಮ್ಮೆ, ಕೇಂದ್ರದಲ್ಲೇ ಕುಡಿಸುತ್ತಾರೆ. ಸೀಟಿನಲ್ಲಿ ಪೂರ್ತಿ ಕೂರುವುದರಿಂದ ಬ್ಯುಪ್ರೆನಾರ್ಫಿನ್‌ನಲ್ಲಿ ನಿಲ್ಲಲಾಗದವರಿಗೆ ಇದು ಆಸರೆ. ಮೈಯಲ್ಲಿ ನಿಧಾನವಾಗಿ ಕೂಡಿಕೊಳ್ಳುವುದರಿಂದ 20-30 ಮಿ.ಗ್ರಾಂ.ನಿಂದ ಶುರುಮಾಡಿ ಬಹಳ ಎಚ್ಚರದಿಂದ ಏರಿಸಬೇಕು. ಹೃದಯದ ಲಯದ ಮೇಲೆ ಪರಿಣಾಮವಿರುವುದರಿಂದ ಇಸಿಜಿಯೂ ಬೇಕಾಗುತ್ತದೆ.

ನಾಲ್ಟ್ರೆಕ್ಸೋನ್ ಬೇರೆಯೇ ಜಾತಿ. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿಟ್ಟಂತೆ: ತಾನು ಏನೂ ಕೊಡುವುದಿಲ್ಲ, ಬೇರೆಯವರನ್ನು ಕೂರಲೂ ಬಿಡುವುದಿಲ್ಲ. ದಿನಕ್ಕೆ 50 ಮಿ.ಗ್ರಾಂ. ಮಾತ್ರೆ. ಹೆರಾಯಿನ್ ಬಿಟ್ಟು ಏಳರಿಂದ ಹತ್ತು ದಿನ ಪೂರ್ತಿ ಖಾಲಿ ಇದ್ದ ಮೇಲಷ್ಟೇ ಶುರು ಮಾಡಬೇಕು. ಇಚ್ಛೆ ಗಟ್ಟಿಯಾಗಿದ್ದು, ಮನೆಯವರೊಬ್ಬರು ನಿತ್ಯ ಎದುರಿಗೆ ನಿಂತು ಕೊಡುವಂತಿದ್ದರೆ ಉಪಯೋಗವಾಗುತ್ತದೆ. ಇಲ್ಲದಿದ್ದರೆ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಟ್ಟಾಗ ತಾಳಿಕೆ ಸೊನ್ನೆಯಾಗಿರುತ್ತದೆ, ಆಗ ತೆಗೆದುಕೊಂಡ ಹೆರಾಯಿನ್ ಪ್ರಾಣ ತೆಗೆಯಬಹುದು.

ಕುಡಿತ ಬಿಡಿಸಲು ಊಟದಲ್ಲಿ ಗುಟ್ಟಾಗಿ ಔಷಧ ಬೆರೆಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಹೆರಾಯಿನ್ ಬಳಸುತ್ತಿರುವವರಿಗೆ ನಾಲ್ಟ್ರೆಕ್ಸೋನನ್ನು ಹಾಗೆ ಬೆರೆಸಿ ಕೊಟ್ಟರೆ ಭೀಕರ ವಿತ್‌ಡ್ರಾಯಲ್ ಬಂದು ಆಸ್ಪತ್ರೆ ಸೇರಬೇಕಾದೀತು. ಯಾವ ಕಾರಣಕ್ಕೂ ಮಾಡಬಾರದು.

ಬದಲಿ ಔಷಧ ಬೇಡವೆಂದವರಿಗೆ ಕ್ಲೋನಿಡೀನ್ ಮಾತ್ರೆಯಿಂದ ಬೆವರು, ಚಡಪಡಿಕೆ ಇಳಿಸುತ್ತಾರೆ. ಪ್ರತಿ ಸಲ ಬಿಪಿ ನೋಡಿಯೇ ಕೊಡಬೇಕು, ಎದ್ದು ನಿಂತರೆ ತಲೆ ತಿರುಗುವಷ್ಟು ಇಳಿಸುತ್ತದೆ. ಜೊತೆಗೆ ವಾಂತಿಗೆ, ಭೇದಿಗೆ, ನೋವಿಗೆ ಬೇರೆ ಬೇರೆ ಮಾತ್ರೆ, ಓಆರ್‌ಎಸ್. ಸಂಕಟ ಕಡಿಮೆಯಾಗುತ್ತದೆ, ತುಡಿತ ಹಾಗೆಯೇ ಉಳಿಯುತ್ತದೆ.

ಕೌನ್ಸೆಲಿಂಗ್ ಇವೆಲ್ಲದರ ಜೊತೆಜೊತೆಗೆ ನಡೆಯಬೇಕು. ಯಾವ ಬೀದಿ, ಯಾವ ಗೆಳೆಯ, ಸಂಬಳದ ಯಾವ ದಿನ, ಎಂಥ ಒಂಟಿತನ ಪುಡಿಯ ನೆನಪು ತರುತ್ತದೆಂದು ಪಟ್ಟಿ ಮಾಡಿ, ಒಂದೊಂದಕ್ಕೂ ಏನು ಮಾಡುವುದೆಂದು ಮೊದಲೇ ಗೊತ್ತುಮಾಡಿಕೊಳ್ಳುವ ಕೆಲಸ ಅದು. ಹಳೆಯ ಡೀಲರನ ನಂಬರ್ ಅಳಿಸುವುದು, ಸಂಬಳ ಹೆಂಡತಿಯ ಖಾತೆಗೆ ಬರುವಂತೆ ಮಾಡುವುದು ಇಂಥ ಸಣ್ಣ ಕೆಲಸಗಳೇ ಅಲ್ಲಿ ದೊಡ್ಡವು.

ಯಾವ ಸೆಂಟರಿನಿಂದ ದೂರವಿರಬೇಕು

ಕೂಡಿಹಾಕುವುದು, ಹೊಡೆಯುವುದು, ಸರಪಳಿ ಹಾಕುವುದು ಚಿಕಿತ್ಸೆಯಲ್ಲ. 2017ರ ಕಾಯ್ದೆ ಸರಪಳಿಯನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಒಳರೋಗಿಗಳನ್ನಿಟ್ಟುಕೊಳ್ಳುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿರಬೇಕು. ಸೇರಿಸುವ ಮುನ್ನ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ಮನೋವೈದ್ಯರು ವಾರದಲ್ಲಿ ಯಾವ ದಿನ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರೋ, ಬ್ಯುಪ್ರೆನಾರ್ಫಿನ್ ಕೊಡುತ್ತಾರೋ, ಮನೆಯವರು ಫೋನಿನಲ್ಲಿ ಮಾತಾಡಬಹುದೋ ಎಂದೂ ಕೇಳಿ. "ತೊಂಬತ್ತು ದಿನ ಯಾರೂ ಮುಖ ನೋಡಬಾರದು, ದುಡ್ಡು ಮುಂಗಡ" ಎಂದರೆ ಎದ್ದು ಬನ್ನಿ. ರಾತ್ರೋರಾತ್ರಿ ನಾಲ್ಕು ಜನ ಬಂದು ಮಗನನ್ನು ಗಾಡಿಗೆ ತುಂಬಿಕೊಂಡು ಹೋಗುವ ವ್ಯವಸ್ಥೆ ಕಾನೂನಿನ ಪ್ರಕಾರವೂ ತಪ್ಪು, ಚಿಕಿತ್ಸೆಯಾಗಿಯೂ ಹಾಳು. ತಿಳಿವಳಿಕೆಯಿರುವ ವಯಸ್ಕ ತಾನೇ ಒಪ್ಪಿ ಸೇರಬೇಕು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದಿದ್ದಾಗ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿ, ಇಬ್ಬರು ತಜ್ಞರ ಪರೀಕ್ಷೆಯ ಮೇಲೆ ಗರಿಷ್ಠ ಮೂವತ್ತು ದಿನದವರೆಗೆ ಸೇರಿಸಿಕೊಳ್ಳಲು ಪ್ರತ್ಯೇಕ ವಿಧಾನವಿದೆ.

"ಮದುವೆ ಮಾಡಿದರೆ ಸರಿಹೋಗ್ತಾನೆ" ಎಂಬ ಮಾತೂ ಇದೇ ಸಾಲಿನದು. ಏನೂ ತಿಳಿಯದ ಹೆಣ್ಣುಮಗಳೊಬ್ಬಳನ್ನು ಔಷಧದ ಹಾಗೆ ಬಳಸಬೇಡಿ.

ಬಳಸುತ್ತಿರುವವರೇ ಗರ್ಭಿಣಿಯಾದರೆ ಅವಸರದಲ್ಲಿ ಒಮ್ಮೆಲೇ ನಿಲ್ಲಿಸಬಾರದು. ಗರ್ಭಪಾತ, ಅಕಾಲ ಹೆರಿಗೆಯ ಅಪಾಯವಿದೆ. ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಮೇಲೆ ನಿಲ್ಲಿಸುವುದೇ ಒಪ್ಪಿತ ಕ್ರಮ. ಹುಟ್ಟಿದ ಮಗುವಿಗೆ ಕೆಲವು ದಿನ ಕಿರಿಕಿರಿ, ನಡುಕ ಕಾಣಬಹುದು, ಅದಕ್ಕೆ ಚಿಕಿತ್ಸೆಯಿದೆ. ಹೆರಿಗೆ ವೈದ್ಯರಿಗೆ ಮೊದಲೇ ಗೊತ್ತಿರಬೇಕು, ಅಷ್ಟೇ.

ಉಸಿರು ನಿಧಾನವಾದಾಗ

ಮನೆಯಲ್ಲಿ ಹೆರಾಯಿನ್ ಬಳಸುವವರು ಅಥವಾ ಈಚೆಗೆ ಬಿಟ್ಟವರು ಇದ್ದರೆ ಈ ಭಾಗವನ್ನು ಎಲ್ಲರೂ ಓದಿಕೊಳ್ಳಬೇಕು. ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿ, ಕರೆದರೆ ಏಳದೆ, ಗೊರಕೆಯಂಥ ಗೊರಗೊರ ಸದ್ದು, ತುಟಿ ಉಗುರು ನೀಲಿಯಾಗಿ ಅಥವಾ ಬೂದಿಯಾಗಿ, ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆ ಇದ್ದರೆ ಅದು ಓವರ್‌ಡೋಸ್. "ಗಾಢ ನಿದ್ದೆ, ಮಲಗಲಿ ಬಿಡಿ" ಎಂದು ಬಾಗಿಲು ಮುಚ್ಚಿ ಹೋದ ಕೋಣೆಗಳಲ್ಲಿ ಜನ ಸತ್ತಿದ್ದಾರೆ.

ಎದೆಯ ಮೂಳೆಯನ್ನು ಮುಷ್ಟಿಯ ಗೆಣ್ಣಿನಿಂದ ಜೋರಾಗಿ ಉಜ್ಜಿ ಎಬ್ಬಿಸಲು ನೋಡಿ. ಏಳದಿದ್ದರೆ 108ಕ್ಕೆ ಕರೆಮಾಡಿ, ಉಸಿರಾಡುತ್ತಿಲ್ಲ ಎಂದು ಮೊದಲ ವಾಕ್ಯದಲ್ಲೇ ಹೇಳಿ. ತಲೆಯನ್ನು ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಐದು ಸೆಕೆಂಡಿಗೊಂದರಂತೆ ಉಸಿರು ಊದಿ. ನಾಡಿ ಸಿಗದಿದ್ದರೆ ಆಂಬುಲೆನ್ಸಿನವರು ಫೋನಿನಲ್ಲಿ ಹೇಳಿದಂತೆ ಎದೆ ಒತ್ತಿ. ನಾಲಾಕ್ಸೋನ್ ಇಂಜೆಕ್ಷನ್ ಇದ್ದು ಕೊಡಲು ಬರುವವರಿದ್ದರೆ 0.4 ಮಿ.ಗ್ರಾಂ. ತೊಡೆಯ ಮಾಂಸಖಂಡಕ್ಕೆ, ಎರಡು ಮೂರು ನಿಮಿಷದಲ್ಲಿ ಉಸಿರು ಬಾರದಿದ್ದರೆ ಮತ್ತೊಂದು. ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು. ನಾಲಾಕ್ಸೋನ್‌ನ ಕೆಲಸ ಅರ್ಧದಿಂದ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ಮೈಯಲ್ಲಿ ಉಳಿದ ಅಮಲು ಮತ್ತೆ ಉಸಿರು ನಿಲ್ಲಿಸಬಹುದು. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಇಳಿಯದಂತೆ. ನಿಂಬೆರಸ, ಮಜ್ಜಿಗೆ, ಉಪ್ಪುನೀರು ಬಾಯಿಗೆ ಹಾಕಬೇಡಿ. ತಣ್ಣೀರು ಸುರಿಯಬೇಡಿ. ಎಬ್ಬಿಸಿ ನಡೆಸಬೇಡಿ.

ಜಾರಿದ ದಿನ

ಚಿಕಿತ್ಸೆಯ ನಡುವೆ ಒಂದೆರಡು ಸಲ ಜಾರುವುದು ಸಾಮಾನ್ಯ. ಜಾರಿದ ಮೇಲೆ ಹೆಚ್ಚಿನವರು ಮಾಡುವ ತಪ್ಪು, ಆಸ್ಪತ್ರೆಗೆ ಮುಖ ತೋರಿಸಲಾಗದೆ ದೂರ ಉಳಿಯುವುದು. ಮಾತ್ರೆಯ ಜೊತೆಗೇ ಒಮ್ಮೆ ತೆಗೆದುಕೊಂಡಿದ್ದರೆ ಮಾತ್ರೆ ನಿಲ್ಲಿಸಬಾರದು. ಮಾರನೆಯ ದಿನವೇ ಹೋಗಿ ಹೇಳಿದರೆ ವೈದ್ಯರು ಬಹುಶಃ ಡೋಸ್ ಏರಿಸುತ್ತಾರೆ, ಭೇಟಿಗಳನ್ನು ಹತ್ತಿರಕ್ಕೆ ತರುತ್ತಾರೆ. ಮಾತ್ರೆ ಬಿಟ್ಟೇ ನಾಲ್ಕೈದು ದಿನ ದಾಟಿದ್ದರೆ ಹಳೆಯ ಡೋಸನ್ನು ತಾನಾಗಿ ಶುರುಮಾಡಬಾರದು, ಮತ್ತೆ ಚಿಕ್ಕ ಡೋಸಿನಿಂದ ಏರಬೇಕು. ಮೆಥಡೋನ್ ಆದರೆ ಮೂರು ದಿನ ತಪ್ಪಿದರೂ ಇದೇ ನಿಯಮ.

ಮನೆಯವರು ಆ ಬೆಳಿಗ್ಗೆ ಬೈಗುಳವನ್ನು ಪಕ್ಕಕ್ಕಿಟ್ಟು ಬಸ್ ಚಾರ್ಜು ಕೊಟ್ಟು, ಸಾಧ್ಯವಾದರೆ ಜೊತೆಗೂ ಹೋಗಿ ಬರಬೇಕು. ಅಲ್ಲಿ ಕೌಂಟರಿನಲ್ಲಿ ಕೂತ ನರ್ಸ್ ಏಕೆ ತೆಗೆದುಕೊಂಡೆ ಎಂದು ಕೇಳುವುದಿಲ್ಲ. ಹಳೆಯ ಫೈಲು ತೆಗೆದು, ಮೊದಲ ದಿನ ಕೇಳಿದ್ದನ್ನೇ ಕೇಳುತ್ತಾರೆ: ಕೊನೆಯದು ಎಷ್ಟು ಗಂಟೆಗೆ?